ಸಂತ ಎಡ್ಮಂಡನ ಮಠ ಮತ್ತು ಅದರ ಸಾಲ



ಇಂದು ನಾವು ತಮ್ಮ ಮುಂದೆ ಇಡಲಿರುವುದು ಸಮುದ್ರದಾಚೆಯ ಒಂದು ಮಠದ ಚರಿತ್ರೆ. ಇಂಗ್ಲೆಂಡಿನ ಪೂರ್ವಭಾಗದಲ್ಲಿ ಸಫೋಕ್ ಎಂಬ ಸೀಮೆ ಇದೆ. ಅಲ್ಲಿ ಲಾರ್ಕ್ ಎಂಬ ಚಿಕ್ಕ ಹೊಳೆಯ ದಂಡೆಯ ಮೇಲೆ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರು. ಆ ಊರು ಮಠದಿಂದ ಬೆಳೆಯಿತು, ಮಠದೊಡನೆ ಜಗಳವಾಡಿತು, ಕೊನೆಗೆ ಮಠದ ಕಲ್ಲುಗಳಿಂದಲೇ ತನ್ನ ಗೋಡೆಗಳನ್ನು ಕಟ್ಟಿಕೊಂಡಿತು. ಪರದೇಶದ, ಪರಧರ್ಮದ ಮಠದ ಗೊಡವೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಮಠವೆಂದ ಮೇಲೆ ಅದಕ್ಕೆ ಭೂಮಿಯುಂಟು, ಉಗ್ರಾಣವುಂಟು, ಬರುವ ಕಾಣಿಕೆಯುಂಟು, ಹೋಗುವ ಖರ್ಚುಂಟು. ಇವೆಲ್ಲಕ್ಕೂ ಒಂದು ಲೆಕ್ಕವಿರಬೇಕು. ಪೀಠದ ಮೇಲೆ ಕುಳಿತವರು ಆ ಲೆಕ್ಕವನ್ನು ನೋಡದೆ ಹೋದರೆ ಏನಾಗುತ್ತದೆ, ನೋಡಿದರೂ ಊರಿನವರ ಮುಖವನ್ನು ನೋಡದೆ ಹೋದರೆ ಏನಾಗುತ್ತದೆ ಎಂಬ ಎರಡು ಸಂಗತಿಗಳೂ ಈ ಒಂದೇ ಮಠದ ಚರಿತ್ರೆಯಲ್ಲಿ ಕಾಣುತ್ತವೆ. ಆದುದರಿಂದ ಇದನ್ನು ಓದುವಾಗ ನಾವು ದೂರದೇಶದ್ದೆಂದು ಓದಲಿಲ್ಲ.

ಎಡ್ಮಂಡನೆಂಬವನು ಆ ಸೀಮೆಯ ಅರಸು. ಕ್ರಿ.ಶ. 869ರಲ್ಲಿ ಕಡಲ ಮೇಲಿಂದ ಬಂದ ಡೇನರು ಅವನನ್ನು ಕೊಂದರು. ಸತ್ತ ಅರಸನನ್ನು ಜನ ಸಂತನೆಂದು ಕಂಡರು. ಅವನ ದೇಹವನ್ನು ತಂದಿಟ್ಟ ಜಾಗಕ್ಕೆ ಯಾತ್ರೆ ಹೊರಟರು. 1020ರಲ್ಲಿ ಕನೂಟ್ ಎಂಬ ರಾಜನು ಅಲ್ಲಿ ಬೆನೆಡಿಕ್ಟನ ನಿಯಮದಂತೆ ನಡೆಯುವ ಸಂನ್ಯಾಸಿಗಳ ಮಠವನ್ನು ಸ್ಥಾಪಿಸಿದನು. ಇಲ್ಲೊಂದು ಸೋಜಿಗವನ್ನು ಗಮನಿಸಬೇಕು. ಕನೂಟನೂ ಡೇನ್ ಕುಲದವನೇ. ತನ್ನವರು ಕೊಂದ ಅರಸನ ಸಮಾಧಿಗೆ ಅವನೇ ಮಠ ಕಟ್ಟಿಸಿಕೊಟ್ಟನು. ಅದು ಭಕ್ತಿಯೋ, ರಾಜಕಾರಣವೋ, ಎರಡೂ ಸೇರಿತ್ತೋ, ಅದನ್ನು ನಾವು ಅವನಿಗೇ ಬಿಡೋಣ.

ಮುಂದೆ 1044ರಲ್ಲಿ ಎಡ್ವರ್ಡ್ ರಾಜನು ಪಶ್ಚಿಮ ಸಫೋಕಿನ ಎಂಟೂವರೆ ಹೋಬಳಿಗಳ ಅಧಿಕಾರವನ್ನು ಮಠಕ್ಕೆ ಬರೆದುಕೊಟ್ಟನು. ಅಂದರೆ ನ್ಯಾಯ ಹೇಳುವವರು, ದಂಡ ಹಾಕುವವರು, ಸಂತೆಯ ಸುಂಕ ಎತ್ತುವವರು ಎಲ್ಲ ಮಠದವರೇ. ಇಂಗ್ಲೆಂಡನ್ನು ಗೆದ್ದ ವಿಲಿಯಂ 1086ರಲ್ಲಿ ಮಾಡಿಸಿದ ದೊಡ್ಡ ಪಹಣಿಯಲ್ಲಿ, ಎಡ್ವರ್ಡನ ಕಾಲಕ್ಕೆ ಉತ್ತು ಬಿತ್ತುತ್ತಿದ್ದ ಹೊಲದ ಮೇಲೆ ಈಗ 342 ಮನೆಗಳಾಗಿವೆ ಎಂದು ಬರೆದಿದೆ. ಒಂದು ತಲೆಮಾರು ಕಳೆಯುವುದರೊಳಗೆ ಹೊಲ ಪೇಟೆಯಾಯಿತು. ಬಾಲ್ಡ್ವಿನ್ನರೆಂಬ ಮಠಾಧಿಪತಿಗಳು ವೈದ್ಯ ಬಲ್ಲವರು, ರಾಜರಿಗೇ ಮದ್ದು ಕೊಟ್ಟವರು. ಅವರು ಆರಂಭಿಸಿದ ದೇವಾಲಯ ಮುಗಿದಾಗ ಉದ್ದ 500 ಅಡಿಗೂ ಮೀರಿದ್ದಿತು. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ಭದ್ರವಾದ ಮಠ ಇನ್ನೊಂದಿಲ್ಲ.

ಒಳಗಿನ ಸ್ಥಿತಿ ನಮಗೆ ಗೊತ್ತಾಗಿರುವುದು ಒಬ್ಬ ಸಂನ್ಯಾಸಿಯ ಬರವಣಿಗೆಯಿಂದ. ಬ್ರೇಕ್‌ಲಂಡಿನ ಜೋಸೆಲಿನ್ ಎಂದು ಅವನ ಹೆಸರು. 1173ರಲ್ಲಿ ಮಠ ಸೇರಿದನು. ತಾನು ಕಂಡದ್ದನ್ನು, ಒಳ್ಳೆಯದನ್ನೂ ಕೆಟ್ಟದ್ದನ್ನೂ, ಮುಂದಿನವರಿಗೆ ಮಾದರಿಯಾಗಲಿ, ಎಚ್ಚರವಾಗಲಿ ಎಂದು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಅವನ ಬರಹ ಅಚ್ಚಾದದ್ದು 1840ರಲ್ಲಿ. ಅದನ್ನೋದಿದ ಥಾಮಸ್ ಕಾರ್ಲೈಲ್ ಎಂಬ ಪ್ರಸಿದ್ಧ ಲೇಖಕರು ಬೆರಗಾಗಿ 1843ರ ತಮ್ಮ ಒಂದು ಗ್ರಂಥದಲ್ಲಿ ಆ ಮಠದ ಕಥೆಗೇ ಒಂದು ಭಾಗವನ್ನು ಮೀಸಲಿಟ್ಟರು. ಮಠದ ಗುಟ್ಟನ್ನು ಮಠದೊಳಗಿನವನೇ ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದದ್ದು ಅಪರೂಪ. ಅಂಥವನೊಬ್ಬ ಪ್ರತಿ ಮಠದಲ್ಲಿಯೂ ಇರಬೇಕೆಂದು ನಮಗೆ ಅನಿಸುತ್ತದೆ. ಇದ್ದರೆ ಮಠಾಧಿಪತಿಗಳಿಗೆ ಸ್ವಲ್ಪ ಕಷ್ಟವೇ ಎಂಬುದೂ ನಿಜ.

ಜೋಸೆಲಿನ್ ಬಂದಾಗ ಪೀಠದ ಮೇಲಿದ್ದವರು ಹ್ಯೂ ಎಂಬ ವೃದ್ಧರು. ಕಣ್ಣು ಮಂಜಾಗಿದ್ದವು. ಪೂಜೆ ಪ್ರಾರ್ಥನೆಗಳಲ್ಲಿ ನಿಷ್ಠರು, ಮನಸ್ಸು ಶುದ್ಧ, ಆದರೆ ಲೋಕವ್ಯವಹಾರ ತಿಳಿಯದು. ಸುತ್ತಲಿದ್ದವರು ಹೇಳಿದ್ದೇ ಅವರಿಗೆ ಕಂಡದ್ದು. ಮಠದ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಅಧಿಕಾರಿಗಳು: ದೇವಾಲಯದ ಉಸ್ತುವಾರಿಗೊಬ್ಬರು, ಉಗ್ರಾಣಕ್ಕೊಬ್ಬರು, ಬಟ್ಟೆಬರೆಗೊಬ್ಬರು, ಅತಿಥಿಗಳಿಗೊಬ್ಬರು. ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಮುದ್ರೆ. ಕೈಗೆ ಹಣ ಬೇಕಾದಾಗ ಸಾಲಪತ್ರಕ್ಕೆ ಮುದ್ರೆ ಒತ್ತಿ ಸಾಲ ತರುವುದು, ಮಠಾಧಿಪತಿಗಳಿಗೂ ತಿಳಿಸದಿರುವುದು, ಇದೇ ಪದ್ಧತಿಯಾಗಿ ಹೋಗಿತ್ತು.

ಆ ಸಾಲಗಳಲ್ಲಿ ಒಂದರ ಬೆಳವಣಿಗೆಯನ್ನು ನಾವು ವಿವರವಾಗಿ ಹೇಳಬೇಕು; ಲೆಕ್ಕ ಬಲ್ಲ ಭಕ್ತರು ಬೆರಳು ಮಡಿಚಿ ಎಣಿಸಿಕೊಳ್ಳಲಿ. ಮಠದ ಒಂದು ಕೋಣೆ ಬಿದ್ದುಹೋಗಿತ್ತು. ಅದನ್ನು ಕಟ್ಟಿಸುವ ಭಾರ ದೇವಾಲಯದ ಉಸ್ತುವಾರಿ ವಿಲಿಯಮನ ಮೇಲೆ ಬಿದ್ದಿತು. ಅವನು ನಾರ್ವಿಚ್ಚಿನ ಬೆನೆಡಿಕ್ಟ್ ಎಂಬ ಯೆಹೂದಿ ಸಾಹುಕಾರನಿಂದ ಗುಟ್ಟಾಗಿ ಬಡ್ಡಿಗೆ 40 ಮಾರ್ಕ್ ತಂದನು. ಮೂರು ಮಾರ್ಕೆಂದರೆ ಎರಡು ಪೌಂಡು. ಆದುದರಿಂದ ಅಸಲು ಸುಮಾರು 27 ಪೌಂಡು. ಪತ್ರಕ್ಕೆ ಒತ್ತಿದ್ದು ಸಂತನ ಸಮಾಧಿಯ ಬಳಿ ತೂಗಾಡುತ್ತಿದ್ದ ಮುದ್ರೆಯನ್ನು! ಆ ಸಾಲ ಬೆಳೆದು 100 ಪೌಂಡಾಯಿತು. ಸಾಹುಕಾರನು ರಾಜನ ಪತ್ರ ಹಿಡಿದು ಬಂದಾಗಲೇ ಮಠದವರಿಗೆ ಸಂಗತಿ ತಿಳಿದದ್ದು. ಹ್ಯೂ ಅವರು ಸಿಟ್ಟಾದರು, ವಿಲಿಯಮನನ್ನು ತೆಗೆಯುವೆನೆಂದರು. ಆದರೆ ಯಾರೋ ಬಂದು ಸಮಾಧಾನ ಹೇಳಿದರು. ಆ 100 ಪೌಂಡಿಗೆ ಮತ್ತೆ 100 ಪೌಂಡಿನ ಕೈಗಡ ಸೇರಿಸಿ, ನಾಲ್ಕು ವರ್ಷದೊಳಗೆ 400 ಪೌಂಡು ತೀರಿಸುವುದಾಗಿ ಹೊಸ ಪತ್ರವಾಯಿತು. ನಾಲ್ಕು ವರ್ಷದ ಕೊನೆಗೆ ಕೈಯಲ್ಲಿ ಒಂದು ಕಾಸೂ ಇಲ್ಲ. ಮತ್ತೊಂದು ಪತ್ರ, ಈಗ 880 ಪೌಂಡು. ಇತರ ಚಿಲ್ಲರೆ ಸಾಲಗಳನ್ನೂ ಕೂಡಿಸಿದರೆ ಅವನೊಬ್ಬನಿಗೇ 1,200 ಪೌಂಡು ಕೊಡತಕ್ಕದ್ದಾಯಿತು. ಒಂದು ಕೋಣೆಯ ರಿಪೇರಿಯಿಂದ ಇಲ್ಲಿಗೆ ಬಂದು ಮುಟ್ಟಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೇಳುವವರು ತಪ್ಪನ್ನು ಯೆಹೂದ್ಯರ ಮೇಲೆ ಹೊರಿಸಬಾರದು. ಜೋಸೆಲಿನ್ ಕಂಡ ಸಾಲಪತ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದು 1,040 ಪೌಂಡಿನದು, ಅದು ವಿಲಿಯಂ ಫಿಟ್ಸ್ ಇಸಬೆಲ್ ಎಂಬ ಕ್ರೈಸ್ತನ ಹೆಸರಿನಲ್ಲಿದ್ದಿತು. ಅದು ಏಕಾಗಿ ತಂದ ಹಣವೆಂಬುದು ಜೋಸೆಲಿನ್ನನಿಗೂ ಗೊತ್ತಾಗಲಿಲ್ಲ. ಕೇಳಿದವರಿಗೆ ಸಾಹುಕಾರನು ಕೊಟ್ಟನು. ಕೇಳಬಾರದವರು ಕೇಳಿದ್ದು, ನೋಡಬೇಕಾದವರು ನೋಡದೆ ಹೋದದ್ದು ಮಠದ ತಪ್ಪು. ಮಠ ಸಾಲದಲ್ಲಿ ಮುಳುಗಿದೆಯೆಂಬ ಸುದ್ದಿ ರಾಜನ ಕಿವಿಗೆ ಬಿದ್ದು ಅಧಿಕಾರಿಯೊಬ್ಬನು ವಿಚಾರಣೆಗೆ ಬಂದಾಗ, ಏನೂ ಸಾಲವಿಲ್ಲವೆಂದು ಮುಖಂಡರು ಹೇಳಿ ಕಳಿಸಿದರು! ಆಗ ಯುವಕನಾಗಿದ್ದ ಜೋಸೆಲಿನ್ ತನ್ನ ಗುರುವಾದ ಸ್ಯಾಮ್ಸನ್ನರನ್ನು, ನೀವಾದರೂ ಬಾಯಿ ಬಿಡಬಾರದೇ ಎಂದು ಕೇಳಿದನು. ಬೆಂಕಿಯಿಂದ ಒಮ್ಮೆ ಸುಟ್ಟುಕೊಂಡವನು ಬೆಂಕಿಗೆ ಅಂಜುತ್ತಾನೆ ಎಂಬರ್ಥದ ಉತ್ತರ ಬಂದಿತು. ಮಠದ ಹಿತಕ್ಕಾಗಿ ಮಾತನಾಡಿ ಗಡೀಪಾರಾಗಿ ಬಂದವರು ಅವರು.

ಈ ಸ್ಯಾಮ್ಸನ್ನರ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾರ್ಫೋಕ್ ಸೀಮೆಯ ಬಡವರ ಮನೆಯಿಂದ ಬಂದವರು. ಸಂನ್ಯಾಸ ಸ್ವೀಕರಿಸುವ ಮೊದಲೇ ಮಠದ ಕೆಲಸಕ್ಕಾಗಿ ರೋಮಿನವರೆಗೆ ಹೋಗಿದ್ದರು. ಆಗ ಇಬ್ಬರು ಪೋಪರ ಜಗಳದ ಕಾಲ; ಒಬ್ಬರ ಪತ್ರ ಕೈಯಲ್ಲಿ ಸಿಕ್ಕರೆ ಇನ್ನೊಬ್ಬರ ಕಡೆಯವರು ಸುಮ್ಮನೆ ಬಿಡರು. ಸ್ಯಾಮ್ಸನ್ನರು ಸ್ಕಾಟ್‌ಲೆಂಡಿನವನಂತೆ ವೇಷ ಹಾಕಿ, ಕೋಲು ಬೀಸುತ್ತ, ಎದುರು ಬಂದವರನ್ನು ಗದರಿಸುತ್ತ ನಡೆದರು. ದಾರಿಯಲ್ಲಿ ಹಿಡಿದವರು ಮೈಯೆಲ್ಲ ತಡಕಿ ಇದ್ದಬದ್ದದ್ದನ್ನೆಲ್ಲ ಕಸಿದುಕೊಂಡರೂ ಕುಡಿಯುವ ಬಟ್ಟಲಿನ ಕೆಳಗೆ ಮುಚ್ಚಿ ಹಿಡಿದಿದ್ದ ಪತ್ರ ಮಾತ್ರ ಸಿಗಲಿಲ್ಲ.

1180ರಲ್ಲಿ ಹ್ಯೂ ಅವರು ಯಾತ್ರೆಗೆ ಹೊರಟವರು ಕುದುರೆಯಿಂದ ಬಿದ್ದು, ಮೊಣಕಾಲು ಮುರಿದು, ಅದೇ ನೋವಿನಲ್ಲಿ ತೀರಿಕೊಂಡರು. ಒಂದು ವರ್ಷಕ್ಕೂ ಮೇಲೆ ಪೀಠ ಖಾಲಿ. ಮುಂದಿನವರು ಯಾರೆಂಬ ಚರ್ಚೆ ಮಠದಲ್ಲಿ ಜೋರು. ಆ ಸಂನ್ಯಾಸಿಗಳಿಗೆ ಆರೋಗ್ಯಕ್ಕೆಂದು ಆಗಾಗ ರಕ್ತ ತೆಗೆಸುವ ರೂಢಿಯಿದ್ದಿತು. ಆಗ ಮೌನದ ನಿಯಮ ಸಡಿಲ, ಎಲ್ಲರೂ ಮನಸ್ಸು ಬಿಚ್ಚಿ ಮಾತಾಡುವರು. ಒಬ್ಬನಿಗೆ ವಿದ್ವಾಂಸ ಬೇಕು, ಇನ್ನೊಬ್ಬನಿಗೆ ವಿದ್ವಾಂಸ ಬೇಡವೇ ಬೇಡ. 1182ರ ಫೆಬ್ರವರಿಯಲ್ಲಿ ಎರಡನೆಯ ಹೆನ್ರಿ ರಾಜನ ಮುಂದೆ ಆಯ್ಕೆ ನಡೆದು ಸ್ಯಾಮ್ಸನ್ನರ ಹೆಸರು ನಿಂತಿತು. ಅವರು ರಾಜನ ಪಾದಕ್ಕೆ ಎರಗಿ, ತಟ್ಟನೆ ಎದ್ದು, ತಲೆಯೆತ್ತಿ ಸ್ತೋತ್ರ ಹಾಡುತ್ತ ನಡೆದರು. ಈತ ಆ ಮಠಕ್ಕೆ ತಾನು ತಕ್ಕವನೆಂದೇ ತಿಳಿದಿದ್ದಾನೆ ಎಂದು ರಾಜನು ಸುತ್ತಲಿನವರಿಗೆ ಹೇಳಿದನಂತೆ.

ಪೀಠಕ್ಕೆ ಬಂದ ಮೇಲೆ ಅವರು ಮಾಡಿದ ಒಂದು ಕೆಲಸ ನಮಗೆ ಬಹಳ ಹಿಡಿಸಿತು. ಸಭೆ ಸೇರಿಸಿ, ಯಾರ ಯಾರ ಬಳಿ ಮುದ್ರೆಗಳಿವೆಯೋ ಎಲ್ಲವನ್ನೂ ತಂದು ಇಲ್ಲಿಡಿ ಎಂದರು. ಬಂದ ಮುದ್ರೆಗಳು 33. ಮಠಕ್ಕೆ ಸಾಲ ತರಬಲ್ಲ ಕೈಗಳು ಅಷ್ಟಿದ್ದವು ಎಂದಾಯಿತಲ್ಲವೆ! ಇನ್ನು ಮುಂದೆ ಸಭೆಯ ಒಪ್ಪಿಗೆಯಿಲ್ಲದೆ ಯಾವ ಅಧಿಕಾರಿಯೂ 20 ಷಿಲಿಂಗಿಗೆ, ಅಂದರೆ ಒಂದು ಪೌಂಡಿಗೆ, ಮೇಲ್ಪಟ್ಟು ಸಾಲ ಮಾಡಕೂಡದೆಂದು ಕಟ್ಟು ಮಾಡಿದರು. ಸಾಲಗಾರರನ್ನೆಲ್ಲ ಕರೆಸಿ ಪತ್ರಗಳನ್ನು ತೆರೆದು ನೋಡಿದಾಗ ಮೊತ್ತ ಮೂರು ಸಾವಿರ ಪೌಂಡನ್ನು ದಾಟಿತ್ತು. ಎಲ್ಲಿ ಹೋದರೂ ಸಾಲಗಾರರು ಬೆನ್ನು ಹತ್ತಿದರು. ನಿದ್ರೆ ಹೋಯಿತು, ಮುಖ ಬಿಳಿಚಿತು, ಮೈ ಇಳಿಯಿತು. ಬಂದಾಗ ಕೆಂಪಾಗಿದ್ದ ಗಡ್ಡ ಹದಿನಾಲ್ಕು ವರ್ಷದಲ್ಲಿ ಹಿಮದಂತೆ ಬೆಳ್ಳಗಾಯಿತೆಂದು ಜೋಸೆಲಿನ್ ಬರೆದಿದ್ದಾನೆ. ಹಳ್ಳಿ ಹಳ್ಳಿಗೂ ಹೋಗಿ ಯಾವ ಜಮೀನಿಗೆ ಎಷ್ಟು ಗೇಣಿ, ಯಾರಿಂದ ಏನು ಬರಬೇಕು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಸಿದರು. ನಮ್ಮ ಹಳೆಯ ಶಾನುಭೋಗರು ಖಿರ್ದಿ ಪುಸ್ತಕವನ್ನು ಜೋಪಾನ ಮಾಡುತ್ತಿದ್ದಂತೆ ಅದನ್ನು ಹತ್ತಿರವಿಟ್ಟುಕೊಂಡು, ಕನ್ನಡಿಯಲ್ಲಿ ಮುಖ ನೋಡುವಂತೆ ದಿನವೂ ನೋಡುತ್ತಿದ್ದರು. ಆ ಪುಸ್ತಕ ಪೂರ್ತಿ ಅಳಿಯಲಿಲ್ಲ. ಉಳಿದ ಪ್ರತಿ 1954ರಲ್ಲಿ ಅಚ್ಚಾಗಿದೆ. ಸಾಲ ಮಾಡಿದ ವಿಲಿಯಮನನ್ನು ಕೆಲಸದಿಂದ ತೆಗೆದು, ಕುಡಿತ ನಡೆಯುತ್ತಿದ್ದ ಅವನ ಮನೆಗಳನ್ನು ಕೆಡವಿಸಿದರು. ವರ್ಷದೊಳಗೆ ಮದ್ಯದ ಪೀಪಾಯಿಗಳಿದ್ದ ಜಾಗದಲ್ಲಿ ತುರುಚೆಗಿಡ, ಮನೆಯಿದ್ದಲ್ಲಿ ಅವರೆಬಳ್ಳಿ!

ಸ್ವಂತ ಜೀವನ ಕಟ್ಟುನಿಟ್ಟು. 1187ರಲ್ಲಿ ಜೆರೂಸಲೇಂ ಕೈತಪ್ಪಿದ ಸುದ್ದಿ ಬಂದಂದಿನಿಂದ ಮಾಂಸ ಮುಟ್ಟಲಿಲ್ಲ. ಆದರೂ ಎಲೆಗೆ ಬಡಿಸಬೇಕು, ಬಡವರ ಪಾಲು ಹೆಚ್ಚಲಿ ಎಂದರು. ಹಾಲು, ಜೇನು ಇವೆರಡರಲ್ಲಿ ಮಾತ್ರ ಆಸೆ. ಬಡ ವಿದ್ಯಾರ್ಥಿಗಳು ಪಾಠಶಾಲೆಯ ಬಾಡಿಗೆಗೆ ಕಾಸು ಕೊಡಬೇಕಾಗಿದ್ದಿತು. ಊರಲ್ಲಿ ಕಲ್ಲಿನ ಕಟ್ಟಡ ಕೊಂಡು ಅದನ್ನು ತಪ್ಪಿಸಿದರು. ಐದಾರು ಮಾರ್ಕಿನ ವರಮಾನವಿದ್ದಿದ್ದರೆ ತಾನು ಓದುತ್ತಲೇ ಇರುತ್ತಿದ್ದೆ, ಸಂನ್ಯಾಸಿಯೇ ಆಗುತ್ತಿರಲಿಲ್ಲ ಎಂದು ಹೇಳಿಕೊಂಡವರಿಗೆ ಆ ಹುಡುಗರ ಕಷ್ಟ ಗೊತ್ತಿರದೇ? ಆಸ್ಪತ್ರೆ ಕಟ್ಟಿಸಿದರು. ದೇವಾಲಯದಲ್ಲಿ ಎತ್ತರದ ಪೀಠ ಮಾಡಿಸಿ, ಲ್ಯಾಟಿನ್ನಿನ ವಿದ್ವತ್ತನ್ನು ಬದಿಗಿಟ್ಟು, ತಾವು ಹುಟ್ಟಿದ ನಾರ್ಫೋಕಿನ ಆಡುಮಾತಿನಲ್ಲಿಯೇ ಜನರಿಗೆ ಉಪದೇಶ ಮಾಡಿದರು. ಕೇಳುವವನಿಗೆ ತಿಳಿಯದ ಭಾಷೆಯಲ್ಲಿ ಹೇಳಿದ ಧರ್ಮ ಎಲ್ಲಿಗೆ ಮುಟ್ಟೀತು ಎಂಬುದನ್ನು ನಮ್ಮ ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನು ಮುಚ್ಚಿಟ್ಟರೆ ಅದು ಚರಿತ್ರೆಯಾಗದು. 1190ರ ಮಾರ್ಚಿಯಲ್ಲಿ ಈ ಊರಿನ 57 ಮಂದಿ ಯೆಹೂದ್ಯರನ್ನು ಜನ ಕೊಂದುಹಾಕಿದರು. ಅದೇ ವರ್ಷ ಸ್ಯಾಮ್ಸನ್ನರು ರಾಜನಿಂದ ಅಪ್ಪಣೆ ತಂದು, ಉಳಿದ ಯೆಹೂದ್ಯರನ್ನೆಲ್ಲ ಊರು ಬಿಡಿಸಿದರು. ಈ ಊರಿನಲ್ಲಿರುವವರು ಸಂತ ಎಡ್ಮಂಡನ ಒಕ್ಕಲಾಗಿರಬೇಕು, ಇಲ್ಲವಾದರೆ ಇರಕೂಡದು ಎಂಬುದು ಅವರ ವಾದ. ಜೋಸೆಲಿನ್ನನಂಥ ಜೋಸೆಲಿನ್ನನೇ ಅದನ್ನು ಆಸ್ಪತ್ರೆ ಕಟ್ಟಿಸಿದ ಪುಣ್ಯಕಾರ್ಯದ ಜೊತೆಗೆ ಎಣಿಸಿ ಹೊಗಳಿದ್ದಾನೆ. ನಾವು ಹೊಗಳಲಾರೆವು. ನೆರೆಹೊರೆಯವರ ರಕ್ತ ಬಿದ್ದ ವರ್ಷದಲ್ಲಿಯೇ ಬದುಕುಳಿದವರನ್ನು ಹೊರಗೆ ಹಾಕಿದ್ದು ಮಠಕ್ಕೆ ಕಳಂಕ.

ಊರಿನವರೊಡನೆಯೂ ಮಠದ ಕೈ ಬಿಗಿಯಾಗುತ್ತ ಬಂದಿತು. 1191ರ ಸುಮಾರಿಗೆ ಹರ್ಬರ್ಟ್ ಎಂಬ ಪಾದ್ರಿಯು ತನ್ನ ಜಮೀನಿನಲ್ಲಿ ಗಾಳಿಯಿಂದ ತಿರುಗುವ ಬೀಸುವ ಯಂತ್ರವನ್ನು ನಿಲ್ಲಿಸಿದನು. ಗಾಳಿ ಎಲ್ಲರಿಗೂ ಸೇರಿದ್ದಲ್ಲವೆ, ನನ್ನ ಧಾನ್ಯವನ್ನು ನಾನು ಬೀಸಿಕೊಳ್ಳುತ್ತೇನೆ ಎಂದು ಅವನ ಮಾತು. ಆ ಯಂತ್ರ ಬೀಳುವವರೆಗೆ ಊಟ ಮಾಡೆನೆಂದು ಸ್ಯಾಮ್ಸನ್ನರು ಶಪಥ ಮಾಡಿದರು. ಊರವರೆಲ್ಲ ಅಲ್ಲಿಗೆ ಹೋದರೆ ಮಠದ ಗಿರಣಿಯ ವರಮಾನ ಏನಾಗಬೇಕು? ಹರ್ಬರ್ಟನು ಹೆದರಿ, ಮಠದ ಆಳುಗಳು ಬರುವ ಮೊದಲೇ ತಾನೇ ಅದನ್ನು ಬಿಚ್ಚಿಹಾಕಿದನು. ಇನ್ನೊಂದು, ಸುಗ್ಗಿಯ ಕಾಸೆಂದು ಮನೆಗೊಂದು ಪೆನ್ನಿಯ ತೆರಿಗೆ. ಇದ್ದವರು ತಪ್ಪಿಸಿಕೊಂಡರು, ಇಲ್ಲದವರು ಸಿಕ್ಕಿಬಿದ್ದರು. ಉಗ್ರಾಣದ ಆಳುಗಳು ಬಡವರ ಮನೆಗೆ ಹೋಗಿ ಮಣೆ, ಪಾತ್ರೆ, ಕೊನೆಗೆ ಬಾಗಿಲನ್ನೂ ಕಿತ್ತು ತರುತ್ತಿದ್ದರು. ಮುದುಕಿಯರು ನೂಲುವ ಕದಿರುಕೋಲನ್ನೇ ಎತ್ತಿಕೊಂಡು ಬೈಯುತ್ತ ಅವರ ಮೇಲೆ ಏರಿ ಬಂದರಂತೆ! ಕೊನೆಗೆ ಊರೆಲ್ಲ ಸೇರಿ ವರ್ಷಕ್ಕೆ 20 ಷಿಲಿಂಗು ಕೊಡುವುದೆಂದು ತೀರ್ಮಾನವಾಗಿ ಆ ಅವಮಾನ ನಿಂತಿತು. ಮಠದ ಖಜಾನೆಗೆ ಆ ಪೆನ್ನಿ ಎಷ್ಟು ತಂದಿತೋ, ಊರಿನ ಮನಸ್ಸಿನಿಂದ ಎಷ್ಟು ಕಳೆಯಿತೋ, ಎರಡನೆಯದನ್ನು ಸ್ಯಾಮ್ಸನ್ನರ ಪುಸ್ತಕದಲ್ಲಿ ಯಾರೂ ಬರೆದಿಡಲಿಲ್ಲ.

ದೊಡ್ಡವರ ಕಥೆಯೇ ಬೇರೆ. 1199ರಲ್ಲಿ ಪಟ್ಟವೇರಿದ ಜಾನ್ ರಾಜನು ಪರಿವಾರಸಮೇತ ಬಂದು ಮಠದಲ್ಲಿ ಉಂಡು ತಂಗಿದನು. ಕಾಣಿಕೆಯಾಗಿ ಒಂದು ರೇಷ್ಮೆ ಬಟ್ಟೆ ಅರ್ಪಿಸಿದನು. ಆ ಬಟ್ಟೆಯನ್ನು ಅವನ ಆಳುಗಳು ಮಠದ ಉಸ್ತುವಾರಿಯವನಿಂದಲೇ ಕಡ ತಂದಿದ್ದರು, ಹಣ ಕೊಡಲಿಲ್ಲ. ಹೋಗುವಾಗ 13 ಪೆನ್ನಿ ಇಟ್ಟು ಹೋದನು.

1211ರಲ್ಲಿ ಸ್ಯಾಮ್ಸನ್ನರು ಕಾಲವಾದರು. ಮುಂದಿನ ನೂರು ವರ್ಷಗಳನ್ನು ನಾವು ದಾಟಿ ಹೋಗುತ್ತೇವೆ; ಊರು ಬೆಳೆಯಿತು, ವರ್ತಕರು ಸಿರಿವಂತರಾದರು, ಆದರೆ ತಮ್ಮ ಊರಿನ ಕಾರಭಾರ ತಮಗೆ ಬೇಕೆಂಬ ಅವರ ಬೇಡಿಕೆಗೆ ಮಠ ಕಿವಿಗೊಡಲಿಲ್ಲ. 1327ರ ಜನವರಿಯಲ್ಲಿ ರಾಜ್ಯವೇ ಅಲ್ಲೋಲಕಲ್ಲೋಲವಾಗಿದ್ದಾಗ ಊರವರು ಮಠದ ಬಾಗಿಲು ಮುರಿದು ನುಗ್ಗಿದರು. ಅವರು ಕೈಹಾಕಿದ್ದು ಬರೀ ಬೆಳ್ಳಿಬಂಗಾರಕ್ಕಲ್ಲ. ಪೆಟ್ಟಿಗೆಗಳನ್ನು ಒಡೆದು ರಾಜರು ಕೊಟ್ಟ ದಾನಪತ್ರಗಳನ್ನೂ ಲೆಕ್ಕದ ಕಾಗದಗಳನ್ನೂ ಹೊತ್ತೊಯ್ದರು. ಮಠಾಧಿಪತಿ ರಿಚರ್ಡರಿಂದ ತಮಗೆ ಬೇಕಾದ ಪತ್ರಕ್ಕೆ ಮುದ್ರೆ ಒತ್ತಿಸಿಕೊಂಡರು. ಅದೇ ವರ್ಷ ಮತ್ತೆ ಬೆಂಕಿ, ಮತ್ತೆ ಲೂಟಿ. ಊರಿನ ಪಾದ್ರಿಗಳೂ ಅವರ ಜೊತೆಗಿದ್ದರು. 1328ರಲ್ಲಿ ರಿಚರ್ಡರನ್ನೇ ಅಪಹರಿಸಿ, ಸಮುದ್ರ ದಾಟಿಸಿ ಬ್ರಬಂಟ್ ದೇಶದಲ್ಲಿ ಬಚ್ಚಿಟ್ಟರು. ಆಮೇಲೆ ರಾಜನ ಕಡೆಯವರು ಹಲವರನ್ನು ಗಲ್ಲಿಗೇರಿಸಿ ಶಾಂತಿ ತಂದರೆನ್ನಿ. ಸುಟ್ಟುಹೋದ ಹೆಬ್ಬಾಗಿಲಿನ ಬದಲು ಮಠದವರು ಕಟ್ಟಿಸಿದ ಹೊಸ ಬಾಗಿಲು ಇಂದಿಗೂ ನಿಂತಿದೆ. ಅದರಲ್ಲಿ ಬಾಣ ಬಿಡುವ ಕಿಂಡಿಗಳಿವೆ. ಭಕ್ತರು ಬರುವ ಬಾಗಿಲಿಗೆ ಬಾಣದ ಕಿಂಡಿ!

1381ರ ರೈತರ ದಂಗೆಯಲ್ಲಿ ಮತ್ತೆ ಅದೇ. ಆಗ ಮಠವನ್ನು ನೋಡಿಕೊಳ್ಳುತ್ತಿದ್ದ ಕೇಂಬ್ರಿಡ್ಜಿನ ಜಾನ್ ಎಂಬ ಹಿರಿಯ ಸಂನ್ಯಾಸಿಯ ತಲೆ ಕಡಿದು, ಪೇಟೆಯಲ್ಲಿ ಈಟಿಗೆ ಸಿಕ್ಕಿಸಿದರು. ಊರವರು ಕೇಳಿದ್ದು ಅದೇ ಹಳೆಯ ದಾನಪತ್ರಗಳನ್ನು. ದೇಶಕ್ಕೆಲ್ಲ ಕ್ಷಮೆ ಸಿಕ್ಕಾಗ ಈ ಊರನ್ನು ಮಾತ್ರ ಪಟ್ಟಿಯಿಂದ ಹೊರಗಿಟ್ಟರು.

ಇನ್ನು ಕೊನೆಯ ಮಾತು ಬೇಗ ಮುಗಿಯುತ್ತದೆ, ಏಕೆಂದರೆ ಮಠವೂ ಬೇಗ ಮುಗಿಯಿತು. ಎಂಟನೆಯ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸುತ್ತ ಬಂದನು. 1538ರಲ್ಲಿ ಅವನ ಅಧಿಕಾರಿಗಳು ಎಡ್ಮಂಡನ ಸಮಾಧಿಯನ್ನು ಒಡೆದು, 5,000 ಮಾರ್ಕಿಗೂ ಮೀರಿದ ಬೆಳ್ಳಿಬಂಗಾರವನ್ನೂ ಪಚ್ಚೆ ಕೂರಿಸಿದ ಒಂದು ಶಿಲುಬೆಯನ್ನೂ ಒಯ್ದರು. ಒಡೆಯುವುದಕ್ಕೆ ಬಹಳ ತ್ರಾಸಾಯಿತೆಂದು ಪತ್ರ ಬರೆದರು. 1539ರ ನವೆಂಬರ್ 4ರಂದು ಕೊನೆಯ ಮಠಾಧಿಪತಿ ಜಾನ್ ರೀವ್ ಅವರು ಮಠವನ್ನು ರಾಜನಿಗೆ ಬರೆದುಕೊಟ್ಟರು. 519 ವರ್ಷಗಳ ಮಠ. ಇನ್ನೂರು ವರ್ಷಗಳ ಹಿಂದೆ ಬಾಗಿಲು ಮುರಿದು ಬಂದಿದ್ದ ಊರಿನಿಂದ ಅಂದು ಮಠವನ್ನು ಕಾಯಲು ಯಾರೂ ಬರಲಿಲ್ಲ. ರೀವ್ ಅವರಿಗೆ ವರ್ಷಕ್ಕೆ 500 ಮಾರ್ಕ್ ವರ್ಷಾಶನ ಗೊತ್ತುಮಾಡಿದ್ದರು. ಅದರ ಮೊದಲ ಕಂತೂ ಕೈಸೇರುವ ಮುನ್ನ, 1540ರ ಮಾರ್ಚಿ ಕೊನೆಗೆ, ಮಠದ ಹತ್ತಿರದ ಮನೆಯೊಂದರಲ್ಲಿ ತೀರಿಕೊಂಡರು. ಊರಿಗೆ ತನ್ನ ಕಾರಭಾರ ತಾನು ನಡೆಸುವ ಸನ್ನದು ದೊರೆತದ್ದು 1606ರಲ್ಲಿ.

ದೇವಾಲಯದ ಕೆತ್ತಿದ ಕಲ್ಲುಗಳನ್ನು ಊರವರು ಗಾಡಿಗಟ್ಟಲೆ ಹೇರಿಕೊಂಡು ಹೋದರು. ಉಳಿದದ್ದು ಗೋಡೆಯ ಒಳಗಿನ ಒರಟು ಕಲ್ಲುಗಾರೆ. ಅದು ಇಂದು ಹೂದೋಟದ ನಡುವೆ ಅಲ್ಲಲ್ಲಿ ನಿಂತಿದೆ. ದೇವಾಲಯದ ಪಶ್ಚಿಮದ ಮುಂಭಾಗ ಮಾತ್ರ ಪೂರ್ತಿ ಬೀಳಲಿಲ್ಲ. ಅದರ ದೊಡ್ಡ ಕಮಾನುಗಳೊಳಗೆ ಮುಂದಿನ ಶತಮಾನಗಳಲ್ಲಿ ಊರಿನವರು ಮನೆಗಳನ್ನು ಕಟ್ಟಿಕೊಂಡರು. ಒಂದು ಕಾಲಕ್ಕೆ ರಾಜರು ತಲೆಬಾಗಿ ಒಳಹೊಕ್ಕ ಆ ಕಮಾನುಗಳಲ್ಲಿ ಈಗ ಕಿಟಕಿ, ಬಾಗಿಲು, ಹೊಗೆಗೂಡು ಎಲ್ಲ ಇವೆ, ಸಂಸಾರವಂದಿಗರು ವಾಸವಾಗಿದ್ದಾರೆ.